ಒಂದು ಪಾವಿನ ಪುಟ

ಬ್ಲೀಚಿಂಗ್ ಪೌಡರ್ ಕಲಸುವ ಪುಟ ನಮ್ಮ ಐದೂ ಕೈಪಿಡಿಗಳಲ್ಲಿ ಇತ್ತು. ವಾಟರ್‌ಮ್ಯಾನ್‌ಗಳ ಪುಸ್ತಕದಲ್ಲಿ ಅದು ಹನ್ನೆರಡನೆಯ ಪುಟ, ಅಂಗನವಾಡಿ ಕಾರ್ಯಕರ್ತೆಯರದರಲ್ಲಿ ಇಪ್ಪತ್ತೇಳನೆಯದು, ಸೂಲಗಿತ್ತಿಯರದರಲ್ಲಿ ಒಂಬತ್ತನೆಯದು. ಮಹಿಳಾ ಸಂಘದ ಪುಸ್ತಕದಲ್ಲೂ ಶಾಲೆಯ ಮೇಷ್ಟ್ರುಗಳ ಪುಸ್ತಕದಲ್ಲೂ ಕೊನೆಯ ಹಾಳೆ. ಐದೂ ಕಡೆ ಇರುವುದು ಒಂದೇ ಎಂದು ನಾನು ನಂಬಿದ್ದೆ. ನಂಬದಿರಲು ಕಾರಣವೂ ಇರಲಿಲ್ಲ, ಬರೆದವಳು ನಾನೇ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕೊಟ್ಟೂರಿನ ಒಂದು ಸಣ್ಣ ತರಬೇತಿ ಸಂಸ್ಥೆಯಲ್ಲಿ ನನಗೆ ಕೈಪಿಡಿ ಬರೆಯುವ ಕೆಲಸ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಜೊತೆಗೆ ನಮ್ಮ ಕೊಟ್ಟೂರು, ಇಷ್ಟು ಕಡೆ ತರಬೇತಿ ನಡೆಯುತ್ತಿತ್ತು. ಊರಿಗೊಬ್ಬ ತರಬೇತುದಾರ. ನೀರು, ಕೈ ತೊಳೆಯುವುದು, ಮಕ್ಕಳ ವಾಂತಿಭೇದಿ, ಈ ಮೂರು ಪಾಠ ಎಲ್ಲರಿಗೂ ಬೇಕಾದವು. ಒಂದೇ ಹಿಟ್ಟು ನಾದಿ ಐದು ರೊಟ್ಟಿ ಬಡಿಯುವ ಉಪಾಯ ನನ್ನದೇ. ಅದರ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಹೆಮ್ಮೆಯಿತ್ತು ಎಂದು ಈಗ ಅನಿಸುತ್ತದೆ.

ನಮ್ಮಪ್ಪನದು ಜವಳಿ ಅಂಗಡಿ. ಐದು ಪುಸ್ತಕ ಮುಂದಿಟ್ಟು ಉಪಾಯ ವಿವರಿಸಿದಾಗ ಅಪ್ಪ, "ಒಂದ ಥಾನಿನಾಗ ಐದು ತುಂಡು ಹರದ್ರ ಐದೂ ಒಂದ ಬಣ್ಣ ಇರ್ತಾವ ಖರೆ. ತೊಳದ ಮ್ಯಾಲೆ ನೋಡಬೇಕವ್ವ" ಅಂದಿದ್ದರು. ನಾನು ನಕ್ಕಿದ್ದೆ.

ತೊಳೆಯುವ ಕೆಲಸ ನಡೆಯುತ್ತಿದ್ದದ್ದು ಹಗರಿಬೊಮ್ಮನಹಳ್ಳಿಯ ಒಂದು ಡಿಟಿಪಿ ಅಂಗಡಿಯಲ್ಲಿ. ಕನ್ನಡ ಚೊಕ್ಕವಾಗಿ ಬೆರಳಚ್ಚಿಸುವ ಒಬ್ಬರು ಅಲ್ಲಿದ್ದರು, ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಪುಸ್ತಕಕ್ಕೊಂದು ಫ್ಲಾಪಿ. ನೀರಿನ ಪಾಠವನ್ನು ಒಂದು ಸಲ ಬೆರಳಚ್ಚಿಸಿ ಐದು ಫ್ಲಾಪಿಗೂ ನಕಲು ಮಾಡಿದ್ದರು. ಅಲ್ಲಿಂದಾಚೆ ಅವು ಐದು ಬೇರೆ ಬೇರೆ ಪಾಠಗಳೇ. ಒಂದರಲ್ಲಿ ತಿದ್ದಿದರೆ ಉಳಿದ ನಾಲ್ಕನ್ನು ನೆನಪಿಟ್ಟು ತಿದ್ದಬೇಕು. ಫೈಲುಗಳ ಹೆಸರು ಮೊದಲು 'ನೀರು', ಆಮೇಲೆ 'ನೀರು ಹೊಸದು', 'ನೀರು ಹೊಸದು ಎರಡು', ಕೊನೆಗೆ 'ನೀರು ಫೈನಲ್'. 'ನೀರು ಫೈನಲ್' ಆದ ಮೇಲೂ ಎರಡು ಸಲ ತಿದ್ದುಪಡಿ ಬಂದಿದ್ದವು.

ತಿದ್ದುಪಡಿ ಬರುತ್ತಿದ್ದದ್ದು ತರಬೇತುದಾರರಿಂದ. ಪಾಠ ಮಾಡುವಾಗ ಯಾರಾದರೂ ಪ್ರಶ್ನೆ ಕೇಳಿದರೆ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ಬಸ್ಸಿನಲ್ಲಿ ಕಳಿಸುತ್ತಿದ್ದರು. ಹರಪನಹಳ್ಳಿಯವರು ನಿವೃತ್ತ ಮೇಷ್ಟ್ರು, ಅಂಚು ಖಾಲಿ ಬಿಟ್ಟವರೇ ಅಲ್ಲ. ಅವರ ತಾಲೂಕು ಆಗಷ್ಟೇ ದಾವಣಗೆರೆ ಜಿಲ್ಲೆಗೆ ಸೇರಿತ್ತು. ಕಚೇರಿ ವಿಳಾಸ, ಅರ್ಜಿ ನಮೂನೆ ಎಲ್ಲ ಬೇರೆಯಾಗಿ, ಅವರ ಪ್ರತಿಗಳಿಗೆಂದೇ ಇನ್ನೊಂದು ಫ್ಲಾಪಿ ಹುಟ್ಟಿಕೊಂಡಿತ್ತು.

ಒಂದು ಸೋಮವಾರ ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ಒಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪುಸ್ತಕ. ಹಡಗಲಿ ತಾಲೂಕಿನ ಒಂದು ಹಳ್ಳಿಯ ವಾಟರ್‌ಮ್ಯಾನ್. ಹಿರೇಹಡಗಲಿಯಿಂದ ಮೊದಲ ಬಸ್ಸು ಹಿಡಿದು ಬಂದೆ ಎಂದರು. ಪುಸ್ತಕ ನಮ್ಮದೇ. ರಕ್ಷಾಪುಟದ ಮೇಲೆ ಮಹಾನವಮಿ ಪೂಜೆಯ ಕುಂಕುಮ, ವಿಭೂತಿ. ಒಳಗೆ ಅವರ ಫೋಟೋ ಅಂಟಿಸಿದ್ದರು, ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಹೆಸರು.

"ನನ್ನ ಕೆಲಸದಿಂದ ನಿಲ್ಲಿಸ್ಯಾರ್ರಿ ಮೇಡಂ" ಎಂದರು. "ನೀರಿಗೆ ವಿಷ ಹಾಕ್ಯಾನ ಅಂತ ಊರ ತುಂಬ ಆಗೈತಿ. ಹುಡುಗ್ರು ವಾಂತಿ ಮಾಡಿದ್ವು. ನೀರು ಕುಡದ್ರ ಗಂಟ್ಲ ಉರೀತಿತ್ತು."

"ಮಕ್ಕಳು ಹೇಗಿದ್ದಾರೆ ಈಗ?"

"ಆರಾಮ ಅದಾವ್ರಿ. ದವಾಖಾನಿಗೆ ಹೋಗಿ ಸಂಜಿಗೇ ಬಂದ್ವು."

"ಎಷ್ಟು ಪೌಡರ್ ಹಾಕಿದ್ರಿ?"

"ಬುಕ್ಕಿನ್ಯಾಗ ಹೆಂಗೈತೋ ಹಂಗ ಹಾಕೀನ್ರಿ. ಹೊಸ ಮೂಟಿ ಬಂದಿತ್ತು, ಬುಕ್ಕ ಮುಂದಿಟ್ಟಕೊಂಡು ಅಳದೀನಿ. ಒಂದು ಚೂರು ಆಕಡಿ ಈಕಡಿ ಮಾಡಿಲ್ರಿ."

ಹನ್ನೆರಡನೆಯ ಪುಟ ತೆಗೆದೆ. 'ಹತ್ತು ಸಾವಿರ ಲೀಟರ್ ನೀರಿಗೆ ದಿನಕ್ಕೆ ಒಂದು ಪಾವು.' ಎರಡು ಸಲ ಓದಿದೆ. ನಾನು ಬರೆದದ್ದು ಒಂದು ಕಡ್ಡಿಪೆಟ್ಟಿಗೆ. ಖಾಲಿ ಕಡ್ಡಿಪೆಟ್ಟಿಗೆ ಎಲ್ಲರ ಮನೆಯಲ್ಲೂ ಸಿಗುತ್ತದೆ, ಅದರ ತುಂಬ ಪೌಡರ್ ಅಷ್ಟು ನೀರಿಗೆ ಸಾಕು ಎಂದು ಆರೋಗ್ಯ ಇಲಾಖೆಯವರನ್ನು ಕೇಳಿಯೇ ಬರೆದಿದ್ದೆ. ಕಾಳು ಅಳೆಯುವ ಪಾವು ಅಂದರೆ ಅದರ ಹೆಚ್ಚುಕಡಿಮೆ ಹತ್ತು ಪಟ್ಟು.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ನಮ್ಮ ಕೇರಿಯವ ಟ್ಯಾಂಕ್ ಹತ್ತೋದು ಮೊದ್ಲಿಂದ ಕೆಲವ್ರಿಗೆ ಸೇರಿದ್ದಿಲ್ರಿ" ಎಂದರು, ಬೇರೆ ಯಾರದೋ ಸುದ್ದಿ ಹೇಳುವಂತೆ. "ಬಾಯಿ ಬಿಟ್ಟು ಅಂದಿದ್ದಿಲ್ಲ. ಈಗ ಅನ್ನಾಕ ಒಂದು ನೆವ ಸಿಕ್ಕೈತಿ. ನಮ್ಮ ಮನ್ಯಾಗ ಪಗಾರದ ಕೆಲಸ ಅಂತ ಸಿಕ್ಕಿದ್ದು ನನಗ ಮೊದ್ಲು. ಬರೋ ತಿಂಗಳು ಪಂಚಾಯ್ತಿ ಮೀಟಿಂಗ್ ಐತಿ. ಅಲ್ಲಿ ಬ್ಯಾರೇವ್ರ ಹೆಸ್ರು ಬರಕೊಂಡ್ರ ಮುಗೀತ್ರಿ."

ತಪ್ಪು ಪುಸ್ತಕದ್ದು ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. "ನೋಡ್ತೀನಿ, ಎರಡು ದಿನ ಕೊಡಿ" ಎಂದೆ. ಅವರು ಪುಸ್ತಕವನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಹೋದರು. ಆ ಎರಡು ದಿನ ಕೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಐದು ಪುಸ್ತಕಗಳ ಅದೇ ಪುಟಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಸಾಲು ಸಾಲು ಹೋಲಿಸಿದೆ. ಅಂಗನವಾಡಿ ಪುಸ್ತಕ ಸರಿಯಿತ್ತು. ಮೇಷ್ಟ್ರುಗಳದು ಸರಿಯಿತ್ತು. ಸೂಲಗಿತ್ತಿಯರದರಲ್ಲಿ 'ಅರ್ಧ ಗಂಟೆ ಬಿಟ್ಟು ಬಳಸಬೇಕು' ಎಂಬ ಸಾಲೇ ಇರಲಿಲ್ಲ. ಅದು ಎರಡನೆಯ ತಿದ್ದುಪಡಿಯಲ್ಲಿ ಸೇರಿದ್ದು, ಆ ಫ್ಲಾಪಿಗೆ ತಲುಪಿರಲೇ ಇಲ್ಲ. ಸಂಘದವರದರಲ್ಲಿ ಆ ಸಾಲು ಎರಡು ಸಲ ಇತ್ತು. ಪಾವು ಬಂದದ್ದು ವಾಟರ್‌ಮ್ಯಾನ್‌ಗಳ ಪುಸ್ತಕದಲ್ಲಿ ಮಾತ್ರ, ಅದೂ ಮೂರನೆಯ ಮುದ್ರಣದಲ್ಲಿ. ಅರವತ್ತೆರಡು ಪ್ರತಿ.

ಮರುದಿನ ಬೆಳಗಿನ ಬಸ್ಸಿಗೆ ಹಗರಿಬೊಮ್ಮನಹಳ್ಳಿಗೆ ಹೊರಟೆ. ಕೋಗಳಿ ದಾಟುವಷ್ಟರಲ್ಲಿ ತಪ್ಪನ್ನು ಯಾರ ತಲೆಗೆ ಕಟ್ಟಬೇಕೆಂದು ಮನಸ್ಸಿನಲ್ಲೇ ತೀರ್ಮಾನವಾಗಿತ್ತು: ಡಿಟಿಪಿಯವರ ತಲೆಗೆ. ಅವರು ಪಾಪ, ಹಳೆಯ ಪ್ರೂಫುಗಳನ್ನೆಲ್ಲ ದಾರ ಕಟ್ಟಿ ಇಟ್ಟಿದ್ದರು. ಅದರಲ್ಲಿ ವಾಟರ್‌ಮ್ಯಾನ್ ಪುಸ್ತಕದ ಹಾಳೆಯ ಮೇಲೆ ಮಾತ್ರ ಹರಪನಹಳ್ಳಿ ಮೇಷ್ಟ್ರ ಪೆನ್ಸಿಲ್ ಟಿಪ್ಪಣಿ ಸಿಕ್ಕಿತು. ನಮ್ಮ ಪುಟದಲ್ಲಿ ದಿನದ ಅಳತೆ ಕಡ್ಡಿಪೆಟ್ಟಿಗೆಯಲ್ಲಿ, ಟ್ಯಾಂಕು ತೊಳೆಯುವ ದಿನದ ಅಳತೆ ಪಾವಿನಲ್ಲಿ ಇತ್ತು. ಮೇಷ್ಟ್ರು ಅಂಚಿನಲ್ಲಿ, 'ಎರಡು ಅಳತೆ ಗೊಂದಲ, ಒಂದೇ ಇರಲಿ' ಎಂದು ಬರೆದಿದ್ದರು.

"ಅದಕ್ಕ ಒಂದ ಮಾಡಿದ್ನಿ ಅಕ್ಕಾ" ಎಂದರು ಡಿಟಿಪಿಯವರು. "ಕಡ್ಡಿಪೆಟ್ಗಿ ಅಂತ ಇದ್ದಲ್ಲೆಲ್ಲ ಪಾವು ಅಂತ ಒಂದ ಸಲಕ್ಕ ಬದ್ಲಿ ಮಾಡಿದೆ. ಕಂಪ್ಯೂಟರಿನಾಗ ಬರ್ತೈತಲ್ಲ."

"ಸಂಖ್ಯೆ?"

"ಸಂಖ್ಯೆ ಬದ್ಲಿ ಮಾಡು ಅಂತ ಯಾರೂ ಬರದಿದ್ದಿಲ್ಲ."

"ನನಗೆ ತೋರಿಸಬೇಕಿತ್ತಲ್ವಾ?"

ಅವರು ದಾರ ಬಿಚ್ಚಿ ಇನ್ನೊಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ಅದೇ ಪುಟದ ಕೊನೆಯ ಪ್ರೂಫು. ಕೆಳಗೆ 'ಸರಿ ಇದೆ, ಮುದ್ರಿಸಿ' ಎಂದು ನನ್ನ ಕೈಬರಹ, ನನ್ನ ಸಹಿ.

ಆ ದಿನ ನೆನಪಾಯಿತು. ಐದು ಪುಸ್ತಕದ ಪ್ರೂಫು ಒಟ್ಟಿಗೆ ಬಂದಿದ್ದವು. ಮೊದಲನೆಯದನ್ನು ಅಕ್ಷರ ಅಕ್ಷರ ಓದಿದ್ದೆ. ಉಳಿದ ನಾಲ್ಕರಲ್ಲಿ ನೀರಿನ ಪಾಠ ಬಂದಾಗ, ಇದು ಅದೇ ತಾನೇ ಎಂದು ಹಾಳೆ ಮಗುಚಿ ಸಹಿ ಹಾಕುತ್ತ ಹೋಗಿದ್ದೆ. ಪಾಠ ಒಂದೇ ಆಗಿರುವುದೇ ನನ್ನ ಉಪಾಯದ ಹೆಚ್ಚುಗಾರಿಕೆಯಲ್ಲವೇ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅನ್ನುತ್ತಾರೆ. ನನ್ನ ಸಹಿ ನೀರಿಗೇ ಬಂದು ಸಿಕ್ಕಿಬಿದ್ದಿತ್ತು.

ಹರಪನಹಳ್ಳಿಗೂ ಹೋದೆ, ಮೇಷ್ಟ್ರಿಗೆ ಪುಟ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿದರು.

"ಒಂದೇ ಅಳತೆ ಇರ್ಲಿ ಅಂದಿದ್ದು ನಾನೇ ಕಣಮ್ಮ. ಅದು ತಪ್ಪಲ್ಲ ಅಂತ ಈಗ್ಲೂ ಅಂತೀನಿ. ಆದ್ರೆ ಉತ್ತರ ಪತ್ರಿಕೆ ತಿದ್ದೋವಾಗ ಮೊದಲನೇ ಹುಡುಗಂದು ಸರಿ ಐತೆ ಅಂತ ಐದೂ ಹುಡುಗ್ರಿಗೆ ಮಾರ್ಕ್ಸ್ ಹಾಕಕ್ಕಾಗುತ್ತಾ?"

ಆಗುವುದಿಲ್ಲ ಎಂದೆ. ಅವರ ಮನೆಯಾಕೆ ಮಂಡಕ್ಕಿ ಮೆಣಸಿನಕಾಯಿ ತಂದಿಟ್ಟರು. ನಾನು ಕೊಟ್ಟೂರಿನ ಬಸ್ಸಿಗೆ ಹೊರಟೆ.

ನಮ್ಮ ಸಂಸ್ಥೆಯ ನಿರ್ದೇಶಕರಿಗೆ ಎಲ್ಲ ಹೇಳಿದೆ. ಒಳ್ಳೆಯ ಮನುಷ್ಯ, ಆದರೆ ಸಂಸ್ಥೆಯ ಹೆಸರು ಅಂದರೆ ಗಾಜಿನ ಬಳೆ ಹಿಡಿದಂತೆ ಹಿಡಿಯುವವರು. "ಗದ್ಲ ಬ್ಯಾಡಮ್ಮ. ಹೊಸ ಮುದ್ರಣ ಬರ್ತೈತಿ, ಹಳೇ ಪುಸ್ತಕ ಹೊಳ್ಳಿ ಕೊಡ್ರಿ ಅಂತ ಎಲ್ಲಾರ್ಗೂ ಒಂದು ಪತ್ರ ಹಾಕು. ಪುಸ್ತಕ ಬಂದ್ರ ತಪ್ಪೂ ಬಂದಂಗಾತು." ನನಗೂ ಅದು ಹಿತವಾಗಿಯೇ ಕೇಳಿಸಿತು. ಅರವತ್ತೆರಡು ಕಾರ್ಡು ಬರೆದೆ.

ಎರಡು ವಾರದಲ್ಲಿ ಬಂದ ಪುಸ್ತಕ ನಾಲ್ಕು. ಉಳಿದವರು ಯಾಕೆ ಕೊಡುತ್ತಿಲ್ಲವೆಂದು ತಿಳಿಯಲು ಕಾನಹೊಸಹಳ್ಳಿಗೆ ಹೋದೆ. ಅಲ್ಲಿನ ವಾಟರ್‌ಮ್ಯಾನ್ ನನ್ನನ್ನು ಕೂರಿಸಿ, ಚಹಾ ತರಿಸಿ, ಗೌರವದಿಂದಲೇ ಇಲ್ಲವೆಂದರು.

"ಪೂಜಿ ಮಾಡಿದ ಬುಕ್ಕು ಹೊಳ್ಳಿ ಕೊಡಾಕ ಬರಂಗಿಲ್ರಿ ಅಕ್ಕಾರ. ಅದರಾಗ ನನ್ನ ಫೋಟೋ ಐತಿ, ಹಿಂದ ಸರ್ಟಿಫಿಕೇಟ್ ಅಂಟಿಸೈತಿ. ಇದನ್ನ ಕೊಟ್ರ ನಾ ಟ್ರೇನಿಂಗ್ ಮಾಡೀನಿ ಅನ್ನಾಕ ಏನು ಉಳೀತು?"

ಸರ್ಟಿಫಿಕೇಟನ್ನು ಪುಸ್ತಕದ ಹಿಂಬದಿಗೆ ಅಂಟಿಸಿ ಕೊಡುವ ಉಪಾಯವೂ ನನ್ನದೇ. ಬೇರೆ ಕೊಟ್ಟರೆ ಕಳೆದುಕೊಳ್ಳುತ್ತಾರೆ ಅಂದುಕೊಂಡಿದ್ದೆ.

"ಈ ಪುಟದ ಪ್ರಕಾರ ಪೌಡರ್ ಹಾಕ್ತೀರಾ?" ಎಂದು ಕೇಳಿದೆ.

ಅವರು ನಕ್ಕರು. "ಪೌಡರಿಗೆ ಬುಕ್ಕ ಯಾಕ್ರಿ? ಒಂದು ಹಿಡಿ ಹಾಕದು, ವಾಸನಿ ನೋಡದು. ಕೈಗೆ ಗೊತ್ತಾಕೈತಿ."

ಅಲ್ಲಿಂದ ಮುಂದೆ ಕೇಳಿದ ಕಡೆಯೆಲ್ಲ ಇದೇ ಮಾತು. ತಪ್ಪು ಪುಟ ಅರವತ್ತೆರಡು ಜನರ ಹತ್ತಿರ ಇತ್ತು. ಹುಷಾರು ತಪ್ಪಿದ್ದು ಒಂದೇ ಊರಿನಲ್ಲಿ, ಯಾಕೆಂದರೆ ಅರವತ್ತೆರಡರಲ್ಲಿ ಆ ಪುಟವನ್ನು ಓದಿ, ನಂಬಿ, ಅಳೆದು ಹಾಕಿದವರು ಒಬ್ಬರೇ. ಶಂಖದಿಂದ ಬಂದದ್ದೇ ತೀರ್ಥ ಎಂದು ನಾವು ಎಲ್ಲರಿಗೂ ಹೇಳಿಕೊಟ್ಟಿದ್ದೆವು, ಕುಡಿದವರು ಅವರೊಬ್ಬರು. ತರಬೇತಿ ಕೊಟ್ಟವಳಾಗಿ ನನಗೆ ಯಾವುದರ ಬಗ್ಗೆ ಹೆಚ್ಚು ಬೇಸರವಾಗಬೇಕೆಂದು ತಿಳಿಯಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಎರಡು ವಿಷಯ ಸ್ಪಷ್ಟವಾದವು. ಒಂದು, ಇಡೀ ಪುಸ್ತಕ ಕೇಳಿದರೆ ಯಾರೂ ಕೊಡುವುದಿಲ್ಲ, ಕೇಳಬೇಕಾದದ್ದು ಪುಟ ಮಾತ್ರ. ಇನ್ನೊಂದು, ಕಾರಣ ಹೇಳದೆ ಪುಟ ಕೇಳಿದರೂ ಕೊಡುವುದಿಲ್ಲ. ಹಾಗೆ ಮಾಡಿ ಎಲ್ಲ ಪುಟ ಬಂದರೂ ಹಡಗಲಿ ತಾಲೂಕಿನ ಆ ಮನುಷ್ಯ ವಿಷ ಹಾಕಿದವರಾಗಿಯೇ ಉಳಿಯುತ್ತಾರೆ. ಗದ್ದಲವಿಲ್ಲದೆ ತಪ್ಪು ತಿದ್ದುವುದೆಂದರೆ ಅದನ್ನು ಅವರ ಹೆಸರಿಗೆ ಬರೆದು ಮುಗಿಸುವುದೇ.

ಹಾಗಾಗಿ ಹಳದಿ ಕಾಗದದ ಮೇಲೆ ಒಂದು ಹಾಳೆ ಸಿದ್ಧಪಡಿಸಿದೆ. ಮೇಲೆ ಸರಿಯಾದ ಅಳತೆ. ಕೆಳಗೆ: 'ವಾಟರ್‌ಮ್ಯಾನ್ ಕೈಪಿಡಿಯ ಮೂರನೆಯ ಮುದ್ರಣದಲ್ಲಿ ಈ ಪುಟ ತಪ್ಪಾಗಿದೆ. ಒಂದು ಕಡ್ಡಿಪೆಟ್ಟಿಗೆ ಎಂದು ಇರಬೇಕಾದಲ್ಲಿ ಒಂದು ಪಾವು ಎಂದಾಗಿದೆ. ತಪ್ಪು ಪುಸ್ತಕದ್ದು, ಅದನ್ನು ಅನುಸರಿಸಿದವರದಲ್ಲ.'

ನಿರ್ದೇಶಕರು ಓದಿ ಹಾಳೆಯನ್ನು ಮಗುಚಿಟ್ಟರು. "ಇದನ್ನ ಅಚ್ಚು ಹಾಕಿಸಿದ್ರ ನಾಳೆ ನಮ್ಮ ಬಾಕಿ ಪುಟ ಯಾರು ನಂಬ್ತಾರ?"

"ಈಗ ನಂಬಿದವರ ಕೆಲಸ ಹೋಗಿದೆ ಸರ್."

ಅವರು ಫ್ಯಾನು ನೋಡಿದರು, ಕಿಟಕಿ ನೋಡಿದರು. "ಸಂಸ್ಥಾ ಹೆಸರಿನಾಗ ಬ್ಯಾಡ. ಬೇಕಾದ್ರ ನಿನ್ನ ಹೆಸರು ಹಾಕ್ಕೋ."

ನನ್ನ ಹೆಸರು ಹಾಕಿದೆ. ಅದು ಧೈರ್ಯವೇನಲ್ಲ. ಸಹಿ ನನ್ನದೇ ಇತ್ತು, ಬೇರೆ ಯಾರ ಹೆಸರು ಹಾಕಲಿ?

ಆಮೇಲಿನ ಕೆಲಸ ಕೈಗೆ ಸಂಬಂಧಿಸಿದ್ದು. ಊರೂರಿನ ಸಂತೆಯ ದಿನ ಹಿಡಿದು ಹೋದೆ, ಯಾಕೆಂದರೆ ಸಂತೆಗೆ ಎಲ್ಲರೂ ಬರುತ್ತಾರೆ. ಒಂದು ಬೆಂಚು, ಒಂದು ಬ್ಲೇಡು, ಒಂದು ಸ್ಕೇಲು, ಗೋಂದು. ಪುಸ್ತಕ ತೆಗೆದುಕೊಂಡು ಅವರ ಎದುರಿಗೇ ಹನ್ನೆರಡನೆಯ ಪುಟವನ್ನು ಬುಡದಿಂದ ಒಂದು ಬೆರಳು ಬಿಟ್ಟು ಕೊಯ್ಯುವುದು, ಉಳಿದ ಅಂಚಿಗೆ ಹಳದಿ ಹಾಳೆ ಅಂಟಿಸುವುದು, ಕೊಯ್ದ ಪುಟದ ಖಾಲಿ ಹಿಂಬದಿಯಲ್ಲಿ ಊರಿನ ಹೆಸರು ಬರೆಸಿ ಸಹಿ ಮಾಡಿಸಿ ಫೈಲಿಗೆ ಹಾಕುವುದು. ಕುಂಕುಮ ರಕ್ಷಾಪುಟದ ಮೇಲೆ ಹಾಗೇ ಇರುತ್ತಿತ್ತು, ಯಾರಿಗೂ ಅಭ್ಯಂತರವಿರಲಿಲ್ಲ. ಬೇರೆ ನಾಲ್ಕು ಪುಸ್ತಕದವರಿಗೂ ಅದೇ ಹಳದಿ ಹಾಳೆ. ತಪ್ಪು ಯಾರದೆಂದು ಓದಿದ ಕೆಲವರು ತಲೆಯೆತ್ತಿ ನನ್ನನ್ನು ನೋಡುತ್ತಿದ್ದರು. ಕೂಡ್ಲಿಗಿಯಲ್ಲಿ ಒಬ್ಬ ಸೂಲಗಿತ್ತಿ ಅಜ್ಜಿ ಮೊಮ್ಮಗಳಿಂದ ಓದಿಸಿ ಕೇಳಿ, "ಅಚ್ಚಿನ್ಯಾಗೂ ತಪ್ಪು ಬರ್ತಾವೇನವ್ವ, ನಾ ಏನೋ ನಮ್ಮ ಕೈಯಾಗ ಅಷ್ಟ ಅಂದಕೊಂಡಿದ್ದೆ" ಎಂದಳು. ಆಕೆಗೆ ಅದರಿಂದ ಸಮಾಧಾನವಾದಂತೆಯೇ ಕಂಡಿತು.

ಡಿಟಿಪಿ ಅಂಗಡಿಯಲ್ಲೂ ಒಂದು ದಿನ ಕೂತೆ. 'ನೀರು ಫೈನಲ್' ಸಮೇತ ಎಲ್ಲ ನಕಲುಗಳನ್ನೂ ಅಳಿಸಿಸಿ ಒಂದೇ ಫೈಲು ಉಳಿಸಿದೆವು. ಇನ್ನು ಮುಂದೆ ನೀರಿನ ಪಾಠ ಯಾವ ಪುಸ್ತಕದ ಒಳಗೂ ಇರುವುದಿಲ್ಲ. ಅದು ಬೇರೆಯೇ ಬಿಡಿ ಹಾಳೆ, ಐದೂ ಪುಸ್ತಕಕ್ಕೆ ಅದನ್ನೇ ಅಂಟಿಸುವುದು. ಬದಲಾದಾಗಲೆಲ್ಲ ಕಾಗದದ ಬಣ್ಣ ಬದಲಾಗಬೇಕು, ಅಕ್ಷರ ಓದದವರಿಗೂ ಹಳೆಯದು ಯಾವುದು ಹೊಸದು ಯಾವುದು ತಿಳಿಯಬೇಕು. ತಿದ್ದುಪಡಿ ಅಂಚಿನಲ್ಲಿ ಬೇಡ, ಒಂದೇ ರಿಜಿಸ್ಟರಿನಲ್ಲಿ ಇರಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಉರಿದಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಹಡಗಲಿ ತಾಲೂಕಿನ ಆ ಹಳ್ಳಿಯ ಪಂಚಾಯ್ತಿ ಮೀಟಿಂಗಿಗೆ ಹೋದಾಗ ಫೈಲಿನಲ್ಲಿ ಅರವತ್ತೊಂದು ಪುಟಗಳಿದ್ದವು. ಅಧ್ಯಕ್ಷರು ನನ್ನ ಹಳದಿ ಹಾಳೆಯನ್ನು ಗಟ್ಟಿಯಾಗಿ ಓದಿಸಿದರು. ವಾಟರ್‌ಮ್ಯಾನ್ ಬಾಗಿಲ ಹತ್ತಿರ ಗೋಡೆಗೊರಗಿ ನಿಂತಿದ್ದರು. ಕುರ್ಚಿ ಖಾಲಿಯಿದ್ದರೂ ಯಾರೂ ಕೂರಲು ಹೇಳಿರಲಿಲ್ಲ.

ಒಬ್ಬ ಸದಸ್ಯರು, "ಬುಕ್ಕಿನ್ಯಾಗ ಬರದಿದ್ರೇನಾತು, ಒಂದು ಪಾವು ಅಂದ್ರ ಅಷ್ಟೇನು ಹೆಚ್ಚು?" ಎಂದರು.

ನಾನು ಚೀಲದಿಂದ ಕಡ್ಡಿಪೆಟ್ಟಿಗೆ, ಪಾವು, ಒಂದು ಪೊಟ್ಟಣ ಮೈದಾ ಹಿಟ್ಟು ತೆಗೆದೆ. "ನೀವೇ ಅಳೆಯಿರಿ" ಎಂದು ಅವರ ಮುಂದಿಟ್ಟೆ. ಅವರು ಪೇಪರ್ ಹಾಸಿ ಕಡ್ಡಿಪೆಟ್ಟಿಗೆ ತುಂಬಿ ಒಂದು ಕಡೆ ಸುರಿದರು. ಆಮೇಲೆ ಪಾವು ತುಂಬಿದರು, ಮೇಲೆ ಗೋಪುರದಂತೆ ಏರಿಸಿ, ಚೆಲ್ಲದ ಹಾಗೆ ಕೈ ಅಡ್ಡ ಹಿಡಿದು. ಕಾಳು ಅಳೆಯುವವರು ಇಲ್ಲಿ ಹಾಗೆಯೇ ಅಳೆಯುತ್ತಾರೆ, ಸಮಕ್ಕೆ ಗೀರಿ ಕೊಟ್ಟರೆ ಜಿಪುಣ ಅನ್ನುತ್ತಾರೆ. ಹತ್ತು ಪಟ್ಟು ಎಂದು ನಾನು ಲೆಕ್ಕ ಹಾಕಿದ್ದು ಸಮ ಪಾವಿಗೆ. ಪೇಪರಿನ ಮೇಲಿನ ಎರಡು ರಾಶಿಗಳನ್ನು ನೋಡಿ ಅವರೇ ಪಾವನ್ನು ನನ್ನ ಕಡೆ ಸರಿಸಿದರು.

"ಆದ್ರೂ ಅವನೂ ವಿಚಾರ ಮಾಡಬೇಕಿತ್ತು" ಎಂದು ಇನ್ಯಾರೋ ಅಂದರು.

ಅಲ್ಲಿದ್ದ ಸದಸ್ಯರಲ್ಲಿ ಹೆಂಗಸು ಒಬ್ಬರೇ, ವಯಸ್ಸಾದವರು, ಹಣೆ ತುಂಬ ವಿಭೂತಿ. ಅಲ್ಲಿಯವರೆಗೆ ಮಾತಾಡಿರಲಿಲ್ಲ. "ನನ್ನ ಮೊಮ್ಮಗಳೂ ವಾಂತಿ ಮಾಡಕೊಂಡಾಳ" ಎಂದರು. "ಟ್ರೇನಿಂಗಿಗೆ ಕಳಿಸಿದವ್ರು ನಾವ. ಬುಕ್ಕಿನಂಗ ಮಾಡು ಅಂದವ್ರೂ ನಾವ. ಮಾಡಿದ. ಈಗ ಬುಕ್ಕು ತಪ್ಪಾತು ಅಂತ ಬರದವ್ರೇ ಬಂದು ಕುಂತಾರ. ಇನ್ನ ಅವನ್ನ ಏನು ಕೇಳ್ತೀರಿ?"

ಕಾರ್ಯದರ್ಶಿ ಬರೆದುಕೊಂಡರು. ಸೋಮವಾರದಿಂದ ಕೆಲಸಕ್ಕೆ ಬರಲಿ ಎಂದಾಯಿತು. ತಪ್ಪಾಯಿತು ಎಂದು ಅವರಿಗೆ ಯಾರೂ ಹೇಳಲಿಲ್ಲ. ನಾನು ಹೇಳಿದೆ, ಹೊರಗೆ ಬಂದ ಮೇಲೆ, ಮೊದಲ ದಿನವೇ ಹೇಳಬೇಕಿತ್ತು ಎಂಬುದನ್ನೂ ಸೇರಿಸಿ. ಅವರು ತಲೆಯಾಡಿಸಿದರು.

ಪಂಚಾಯ್ತಿ ಕಟ್ಟೆಯ ಮೇಲೆ ಕೂತು ಬ್ಲೇಡು, ಸ್ಕೇಲು ತೆಗೆದೆ. ಅವರು ಪ್ಲಾಸ್ಟಿಕ್ ಬಿಚ್ಚಿ ಪುಸ್ತಕ ಕೊಟ್ಟರು. ಹನ್ನೆರಡನೆಯ ಪುಟ ತೆರೆದು ಸ್ಕೇಲು ಇಡುತ್ತಿದ್ದಂತೆ ಅದರ ಮೇಲೆ ಕೈಯಿಟ್ಟರು.

"ಹಳದಿ ಹಾಳಿ ಹಚ್ರಿ ಮೇಡಂ. ಇದನ್ನ ಕೊಯ್ಯಬ್ಯಾಡ್ರಿ."

"ಇದು ತಪ್ಪು ಪುಟ. ಇದೊಂದೇ ಉಳಿದಿರೋದು."

"ಅದಕ್ಕ ಬೇಕ್ರಿ. ಇವತ್ತು ನೀವು ಬಂದ್ರಿ, ಹೇಳಿದ್ರಿ, ಎಲ್ಲಾರೂ ಕೇಳಿದ್ರು. ಇನ್ನೆರಡು ವರ್ಷಕ್ಕ ಈ ಮಂದಿ ಬದಲಾಕ್ಕಾರ, ನೀವೂ ಎಲ್ಲಿರ್ತೀರೋ. ವಿಷ ಹಾಕಿದ್ದ ಅನ್ನೋ ಮಾತು ಇಲ್ಲೇ ಇರ್ತೈತಿ. ಅವಾಗ ತೋರಸಾಕ ನನಗ ಇದೊಂದ ಸಾಕ್ಷಿ."

ತಪ್ಪು ಪುಟ ಒಂದೂ ಹೊರಗೆ ಉಳಿಯಬಾರದೆಂದು ಐದು ಊರು ತಿರುಗಿದ್ದೆ. ಬ್ಲೇಡು ಚೀಲಕ್ಕೆ ಹಾಕಿದೆ. ಹಳದಿ ಹಾಳೆಯನ್ನು ಪಕ್ಕದಲ್ಲಿ ಅಂಟಿಸಿ, ಇನ್ನು ಯಾರೂ ನೋಡಿ ಅಳೆಯಬಾರದೆಂದು ಹನ್ನೆರಡನೆಯ ಪುಟದ ಮೇಲೆ ಓರೆಯಾಗಿ 'ಈ ಅಳತೆ ತಪ್ಪು' ಎಂದು ದೊಡ್ಡದಾಗಿ ಬರೆದೆ. ಕೆಳಗೆ ಸಹಿ ಹಾಕಿದೆ, ಪ್ರೂಫಿನ ಮೇಲೆ ಹಾಕಿದ್ದ ಅದೇ ಸಹಿ. ಈ ಸಲ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹಾಕಿದೆ.